ಲಕೋಟೆಯ ದಪ್ಪ

ತ್ರಿಯೆಸ್ತೆಯ ಬಂದರಿನ ಹಿಂದೆ, ಮೂರನೆಯ ಮಹಡಿ.
ಮುಳುಗಿದ ಸರಕಿಗೆ ಬೆಲೆ ಕಟ್ಟುವುದು ನಮ್ಮ ಕಸುಬು.
ಉಪ್ಪುನೀರು ಕುಡಿದು ಉಬ್ಬಿದ ಹತ್ತಿ, ಬೂಸ್ಟು ಹಿಡಿದ ಗೋಧಿ,
ಅಲೆಗೆ ಜಾರಿಹೋದ ಹೊಲಿಗೆಯಂತ್ರದ ಪೆಟ್ಟಿಗೆಗಳು,
ಎಷ್ಟು ಹೋಯಿತು, ಎಷ್ಟು ಉಳಿಯಿತು,
ದಶಮಾಂಶದ ಎರಡನೆಯ ಮನೆಯವರೆಗೆ ಹೇಳಬಲ್ಲೆವು
ನಾವು ಹನ್ನೊಂದು ಜನ.

ಡಿಸೆಂಬರಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತಿತ್ತು.

ದುಯಿಲಿಯೋ ಪೆರ್ತೋತ್ ತಾವೇ ಬರುತ್ತಿದ್ದರು
ಮೇಜಿನಿಂದ ಮೇಜಿಗೆ, ಕೈಯಲ್ಲಿ ಲಕೋಟೆಗಳ ಕಟ್ಟು.
ಮೊತ್ತ ಎಲ್ಲರಿಗೂ ಒಂದೇ. ಕರಾರಿನ ಏಳನೆಯ ಪುಟ,
ಟೈಪು ಮಾಡಿದವಳು ನಾನೇ.
ಆದರೂ ಕೊಡುವಾಗ ಅವರ ಹೆಬ್ಬೆರಳು
ಕಾಗದದ ಮೇಲೆ ಒಂದು ಗಳಿಗೆ ತಡೆಯುತ್ತಿತ್ತು.
"ಎಡ್ಡಾ" ಎನ್ನುತ್ತಿದ್ದರು, ಅಷ್ಟೇ.
ನನ್ನದು ದಪ್ಪಗಿದೆ ಎಂದು ನನಗೆ ಗೊತ್ತಾಗುತ್ತಿತ್ತು.
ಲಿವಿಯೋನಿಗೂ ಗೊತ್ತಾಗುತ್ತಿತ್ತಂತೆ, ತನ್ನದೇ ದಪ್ಪ ಎಂದು.
ಇಪ್ಪತ್ತಾರು ವರ್ಷ
ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡೆವು.

ನಮ್ಮಮ್ಮ ಹುಳಿಬಂದ ಎಲೆಕೋಸಿಗೆ ಕಾಳು ಹಾಕಿ ಸಾರು ಮಾಡುವಳು.
ಮೂವರು ಮಕ್ಕಳು, ಮೂರು ಬಟ್ಟಲು, ಸೌಟು ಒಂದೇ.
ಸಮನಾಗಿ ಬಡಿಸುತ್ತಿದ್ದಳು. ದೇವರಾಣೆ, ಸಮನಾಗಿಯೇ.
ಆದರೆ ಸೌಟು ಓರೆಯಾಗುವ ಹೊತ್ತಿಗೆ
ಅವಳ ಕಣ್ಣು ಎತ್ತ ಹೊರಳಿತೆಂದು ಕಂಡವಳು ನಾನು.
ತಮ್ಮನ ಬಟ್ಟಲಲ್ಲಿ ಎರಡು ಕಾಳು ಹೆಚ್ಚು.
ಎಣಿಸಿರಲಿಲ್ಲ. ಎಣಿಸಬೇಕಾದ ವಿಷಯವೇ ಅಲ್ಲ ಅದು.

ಆಫೀಸಿನ ಮಾತಿನ ನಡುವೆ ಇದನ್ನೇಕೆ ತಂದೆನೋ.

ಬೋರಾ ಗಾಳಿಗೆ ಬೀದಿಯುದ್ದ ಹಗ್ಗ ಕಟ್ಟಿದ್ದ ಫೆಬ್ರವರಿಯಲ್ಲಿ
ಪೆರ್ತೋತ್ ತೀರಿಕೊಂಡರು.
ಹಗ್ಗ ಹಿಡಿದುಕೊಂಡೇ ಶವಪೆಟ್ಟಿಗೆಯ ಹಿಂದೆ ನಡೆದೆವು.
ಆಮೇಲೆ ನೀವೆಸ್ ಫುರ್ಲಾನ್ ಬಂದಳು. ಮೂವತ್ತೆಂಟರವಳು, ಒಳ್ಳೆಯವಳು.
ಸಂಬಳ ಏರಿಸಿದಳು. ಡಿಸೆಂಬರಿನ ಹಣ ನೇರ ಖಾತೆಗೆ,
ನೂರಕ್ಕೆ ನಾಲ್ಕು ಹೆಚ್ಚಾಗಿ,
ಎಲ್ಲರಿಗೂ ಒಂದೇ ದಿನ, ಒಂದೇ ನಿಮಿಷ.

ಹಸಿವು ಶುರುವಾದದ್ದು ಅಲ್ಲಿಂದ.

ಹೀಟರು ಸಾಲದು ಎಂದೆವು. ಹೀಟರು ಬಂತು.
ಬೆಳಕು ಚುಚ್ಚುತ್ತದೆ ಎಂದೆವು. ದೀಪ ಬದಲಾಯಿತು.
ಕಾಫಿ ಕೆಟ್ಟದು ಎಂದೆವು,
ಊರೆಲ್ಲ ಕಾಫಿ ಹುರಿಯುವ ವಾಸನೆ ಕಿಟಕಿಯಲ್ಲಿ ಬರುತ್ತಿರಲು.
ಓಂಡಿನಾ ಮೂರು ಸಲ ರಾಜೀನಾಮೆ ಬರೆದು ಮೂರು ಸಲ ಹರಿದಳು.
ಮುಷ್ಕರವೂ ಹೂಡಿದೆವು, ಒಂದು ಬೆಳಗ್ಗೆ.
ಫಲಕದ ಮೇಲೆ ಏನು ಬರೆಯಬೇಕೆಂದು ಯಾರಿಗೂ ಹೊಳೆಯದೆ
ಖಾಲಿ ರಟ್ಟು ಎತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತೆವು.

ಮಿಲಾನಿನಿಂದ ಒಬ್ಬನನ್ನು ಕರೆಸಿದರು. ಹಾಳೆ ಹಂಚಿದ:
ನಿಮಗೆ ಏನು ಬೇಕು? ಹೆಸರು ಬರೆಯುವುದು ಬೇಡ.
ಪೆನ್ನಿನ ತುದಿ ಕಚ್ಚುತ್ತ ತುಂಬಾ ಹೊತ್ತು ಕೂತೆ.
ಕುರ್ಚಿ, ಎಂದು ಬರೆದೆ.

ಆ ರಾತ್ರಿ ಕನಸು. ಖಜಾನೆಯ ಕಿಂಡಿಯ ಮುಂದೆ
ಬಟ್ಟಲು ಹಿಡಿದು ನಿಂತಿದ್ದೇನೆ, ಕಾಲಿಗೆ ಚಪ್ಪಲಿ ಇಲ್ಲ.
ಒಳಗಿನಿಂದ ಸೌಟು ಚಾಚಿತು. ಅದರೊಳಗೆ
ಮುಳುಗಿದ ಒಂದು ಇಡೀ ಹಡಗು, ಹಬೆಯಾಡುತ್ತ.
ಎಷ್ಟು ಹೋಯಿತು, ಎಂದು ಹೆಬ್ಬೆರಳೊಂದು ಕೇಳಿತು.
ಉತ್ತರ ನನಗೆ ಗೊತ್ತಿತ್ತು, ಹೇಳಿಯೂ ಬಿಟ್ಟೆ.
ಎಚ್ಚರವಾದಾಗ ನೆನಪಿದ್ದದ್ದು ದಶಮಾಂಶ ಮಾತ್ರ.

ಏಪ್ರಿಲಿನಲ್ಲಿ ಹಳೆಯ ಮೇಜು ಹೊರಹಾಕಿದರು.
ಬೀಗ ಮುರಿದ ಕೆಳಗಿನ ಡ್ರಾಯರಿನಲ್ಲಿ
ಒಂದು ಡಬ್ಬಿ ಕೆಮ್ಮಿನ ಗುಳಿಗೆ, ಒಂಟಿ ಕೈಚೀಲ,
ಮತ್ತು ಒಂದು ಲಕೋಟೆ.
ಮೇಲೆ ಅವರದೇ ಬರಹದಲ್ಲಿ
"ದುಯಿಲಿಯೋ," ಅಷ್ಟೇ.
ಅಂಟು ಬಿಚ್ಚಿರಲಿಲ್ಲ.

ಯಾರಿಗೆ ಕೊಡಬೇಕೆಂದು ತಿಳಿಯದೆ ನೀವೆಸ್
ಹಾಗೇ ಹಿಡಿದುಕೊಂಡು ನಿಂತಳು, ಹೆಬ್ಬೆರಳು ಹೆಸರಿನ ಮೇಲೆ.
ಆಮೇಲೆ ಅದು ಕೈಯಿಂದ ಕೈಗೆ ಹೋಯಿತು.
ಒಡೆಯಿರಿ ಎಂದು ಯಾರೂ ಅನ್ನಲಿಲ್ಲ.
ಲಿವಿಯೋ ಎರಡು ಬೆರಳ ನಡುವೆ ಒತ್ತಿ ನೋಡಿ
ನನ್ನತ್ತ ದಾಟಿಸುತ್ತ ಮೆಲ್ಲಗೆ ಅಂದ:
"ನನ್ನದಕ್ಕಿಂತ ದಪ್ಪ."

ನಾನೂ ಒತ್ತಿ ನೋಡಿದೆ.
ಎರಡು ಕಾಳಿನಷ್ಟು, ಇರಬಹುದು.